ಹಳೆ ಜೀಪಿನ ಎಣ್ಣೆ ಸೋರಿಕೆ: ಸೀಲು ಬದಲಿಸುವ ಮೊದಲು ಕಾರಣ ಹುಡುಕಿ

ಸಂಪಾದಕರಿಗೆ,

ಮಾನ್ಯರೆ,

ಮೇ ತಿಂಗಳು ಬಂತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪ ಕಡೆಯ ತೋಟದ ಜೀಪುಗಳು ಗ್ಯಾರೇಜಿನ ಮುಂದೆ ಸಾಲುಗಟ್ಟುತ್ತವೆ. ಮಳೆ ಹಿಡಿಯುವುದರೊಳಗೆ ಬ್ರೇಕು, ವೈಪರು, ಟಾರ್ಪಾಲು ಎಲ್ಲವನ್ನೂ ಸರಿಮಾಡಿಸುವ ಮಾಲೀಕರು ಎಂಜಿನ್ ಕೆಳಗೆ ತೊಟ್ಟಿಕ್ಕುವ ಎಣ್ಣೆಯ ವಿಷಯಕ್ಕೆ ಬಂದಾಗ ಮಾತ್ರ "ಹಳೆ ಜೀಪು ಅಂದಮೇಲೆ ಅಷ್ಟು ಸೋರ್ತದೆ ಬಿಡಿ" ಎನ್ನುತ್ತಾರೆ. ಬಿಡದವರು ಸೀಲು (ತಿರುಗುವ ಶಾಫ್ಟಿನ ಸುತ್ತ ಎಣ್ಣೆ ತಡೆಯುವ ಬಳೆ) ಹಾಕಿಸುತ್ತಾರೆ; ಶ್ರಾವಣದ ಹೊತ್ತಿಗೆ ಅದೇ ಜಾಗದಲ್ಲಿ ಮತ್ತೆ ಸೋರುತ್ತದೆ; ಆಮೇಲೆ ಅವರೂ ಅದೇ ಮಾತಾಡುತ್ತಾರೆ. ಹಾಕಿದ ಸೀಲು ಯಾಕೆ ನಿಲ್ಲುವುದಿಲ್ಲ ಎಂಬುದನ್ನು ಮಾಲೀಕರಿಗೂ ಹೊಸದಾಗಿ ಕೆಲಸ ಕಲಿಯುತ್ತಿರುವ ಹುಡುಗರಿಗೂ ತಿಳಿಸಲು ಈ ಪತ್ರ. ಸ್ವಲ್ಪ ಉದ್ದವಾಗಿದೆ, ಕತ್ತರಿ ಹಾಕದೆ ಪ್ರಕಟಿಸಬೇಕೆಂದು ಕೋರಿಕೆ.

ಇಲ್ಲಿ ಮುಖ್ಯವಾಗಿ ಹೇಳುತ್ತಿರುವುದು ವಿಲ್ಲೀಸ್ ಮೂಲದ ಸಿಜೆ-3ಬಿ ಜೀಪಿನ ಪೆಟ್ರೋಲ್ ಎಂಜಿನ್ ಬಗ್ಗೆ. 134 ಘನ ಇಂಚು, ಅಂದರೆ 2199 ಸಿಸಿಯ ಹರಿಕೇನ್ ಎಂಜಿನ್ ಅದು. ಇನ್‌ಟೇಕ್ ವಾಲ್ವ್ ಎಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ಡಿನಲ್ಲಿ, ಎಕ್ಸಾಸ್ಟ್ ವಾಲ್ವ್ ಸಿಲಿಂಡರುಗಳಿರುವ ಬ್ಲಾಕಿನಲ್ಲಿ ಇರುವ ಎಫ್-ಹೆಡ್ ಮಾದರಿ. ಎಂಜಿನ್ ಎತ್ತರವಾದ್ದರಿಂದಲೇ ಈ ಜೀಪಿನ ಬಾನೆಟ್ಟೂ ಎತ್ತರ. 50 ವರ್ಷ ದಾಟಿ ಮೂಲರೂಪದಲ್ಲೇ ಇರುವ ವಾಹನಕ್ಕೆ 2021ರಿಂದ ವಿಂಟೇಜ್ ನೋಂದಣಿಯ ಅವಕಾಶವಿದೆ. ಆದರೆ ಹಾಗೆ ನೋಂದಾಯಿಸಿದ ವಾಹನವನ್ನು ದಿನನಿತ್ಯ ರಸ್ತೆಗಿಳಿಸುವಂತಿಲ್ಲ. ಅಡಿಕೆ, ಗೊಬ್ಬರ, ಕೊಳೆಔಷಧಿಯ ಡ್ರಮ್ಮು ಹೊರುವ ನಮ್ಮ ಕಡೆಯ ಜೀಪುಗಳಿಗೆ ಅದು ಹೊಂದುವ ಮಾತಲ್ಲ. ಇವು ದುಡಿಯುತ್ತಲೇ ಇರಬೇಕಾದ ಗಾಡಿಗಳು, ರಿಪೇರಿಯೂ ಅದಕ್ಕೆ ತಕ್ಕಂತೆ ಇರಬೇಕು.

ಮೊದಲ ಮಾತು: ಎಣ್ಣೆ ಬಿದ್ದ ಜಾಗ ಬೇರೆ, ಹೊರಟ ಜಾಗ ಬೇರೆ. ಗಾಡಿ ಓಡುವಾಗ ಫ್ಯಾನಿನ ಗಾಳಿಗೆ ಎಣ್ಣೆ ಹಿಂದಕ್ಕೆ ಹರಿದು ಬೆಲ್ ಹೌಸಿಂಗಿನ (ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವಿನ ಕವಚದ) ಕೆಳತುದಿಯಲ್ಲಿ ತೊಟ್ಟಾಗುತ್ತದೆ. ಅದನ್ನು ಕಂಡ ಕೂಡಲೇ "ಹಿಂದಿನ ಮೇನ್ ಸೀಲ್ ಹೋಗಿದೆ" ಎಂದು ತೀರ್ಪು ಬಂದುಬಿಡುತ್ತದೆ; ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ಶಾಫ್ಟಿನ ಹಿಂತುದಿಯ ಸೀಲು ಅದು. ಅದೇ ಎಣ್ಣೆ ಟ್ಯಾಪೆಟ್ ಕವರಿನಿಂದ ಬಂದಿರಬಹುದು, ರಾಕರ್ ಕವರಿನಿಂದ, ಫ್ಯೂಯೆಲ್ ಪಂಪಿನ ಪ್ಯಾಕಿಂಗಿನಿಂದ, ಆಯಿಲ್ ಗೇಜಿಗೆ ಹೋಗುವ ಸಣ್ಣ ಪೈಪಿನಿಂದ, ಚೇಂಬರಿನ (ಎಂಜಿನ್ ತಳದ ಎಣ್ಣೆ ತೊಟ್ಟಿಯ) ಹಿಂದಿನ ಮೂಲೆಯಿಂದ ಬಂದಿರಬಹುದು. ಕ್ಯಾಮ್ ಶಾಫ್ಟಿನ ಹಿಂತುದಿಗೆ, ಫ್ಲೈವೀಲಿನ ಮರೆಯಲ್ಲಿ, ಒಂದು ತಗಡಿನ ಬಿಲ್ಲೆ ಬಡಿದಿರುತ್ತದೆ. ಅದು ಸಡಿಲವಾದರೂ ಮೇನ್ ಸೀಲ್ ಹೋದಂತೆಯೇ ಕಾಣುತ್ತದೆ. ಆಗ ಎಷ್ಟು ಸಲ ಸೀಲು ಹಾಕಿದರೂ ಸೋರಿಕೆ ನಿಲ್ಲದು. ಗೇರ್ ಬಾಕ್ಸಿನ ಮುಂಭಾಗದಿಂದ ಬಂದ ಎಣ್ಣೆಯಾಗಿದ್ದರೆ ಮೂಸಿದರೆ ಸಾಕು, 90 ನಂಬರಿನ ಗೇರ್ ಆಯಿಲಿನ ಗಂಧಕದ ನಾತ ಮರೆಮಾಚುವಂಥದ್ದಲ್ಲ.

ಪತ್ತೆ ಮಾಡುವ ಕ್ರಮಕ್ಕೆ ಖರ್ಚಿಲ್ಲ. ಎಂಜಿನ್ ಹೊರಮೈಯನ್ನು ಡೀಸೆಲ್ ಮತ್ತು ಬ್ರಶ್ಶಿನಿಂದ ತೊಳೆದು, ಸೋಪುನೀರು ಹಾಕಿ, ಪೂರ್ತಿ ಒಣಗಿಸಿ. ಜೋಡಣೆಯ ಗೆರೆಗಳ ಮೇಲೆಲ್ಲ ಸೀಮೆಸುಣ್ಣದ ಪುಡಿ ಅಥವಾ ಟಾಲ್ಕಂ ಪೌಡರ್ ಉದುರಿಸಿ. ನಿಂತಲ್ಲೇ ಎಂಜಿನ್ ಬಿಸಿಯಾಗುವವರೆಗೆ, ಸುಮಾರು 20 ನಿಮಿಷ, ಓಡಿಸಿ ನೋಡಿ. ಆಮೇಲೆ ಒಂದು ಏರು ಹತ್ತಿ ಬಂದು ಮತ್ತೆ ನೋಡಿ. ಪುಡಿ ಮೊದಲು ಎಲ್ಲಿ ಕಪ್ಪಾಯಿತೋ ಅದೇ ಮೂಲ. ಅದರ ಕೆಳಗಿನದೆಲ್ಲ ಹರಿದು ಬಂದದ್ದು. ಏರು ಹತ್ತಿಸಿ ನೋಡುವುದಕ್ಕೆ ಕಾರಣವಿದೆ. ಕೊಡಚಾದ್ರಿಯಂಥ ಏರಿನಲ್ಲಿ ಮೂತಿ ಮೇಲಾಗಿ ಗಾಡಿ ಬಹಳ ಹೊತ್ತು ಲೋ ಗೇರಿನಲ್ಲಿ ಎಳೆಯುವಾಗ ಚೇಂಬರಿನ ಎಣ್ಣೆಯೆಲ್ಲ ಹಿಂದಕ್ಕೆ ಸರಿದು ಹಿಂದಿನ ಸೀಲಿನ ಹತ್ತಿರ ನಿಲ್ಲುತ್ತದೆ. ಆರ್‌ಪಿಎಂ ಹೆಚ್ಚು, ಒಳಗಿನ ಒತ್ತಡವೂ ಹೆಚ್ಚು. ಸಪಾಟು ರಸ್ತೆಯಲ್ಲಿ ಒಣಗಿರುವ ಸೀಲು ಅಲ್ಲಿ ತೊಟ್ಟಿಕ್ಕುತ್ತದೆ.

ಒಳಗಿನ ಒತ್ತಡ ಎಂದೆನಲ್ಲ, ಹಾಕಿದ ಸೀಲು ನಿಲ್ಲದಿರಲು ಮುಖ್ಯ ಕಾರಣ ಅದೇ. ಪಿಸ್ಟನ್ ರಿಂಗು ಸವೆದ ಎಂಜಿನ್ನಿನಲ್ಲಿ ಉರಿದ ಅನಿಲ ಸ್ವಲ್ಪ ಸ್ವಲ್ಪವೇ ಚೇಂಬರಿಗೆ ಇಳಿಯುತ್ತದೆ. ಗ್ಯಾರೇಜಿನಲ್ಲಿ ಬ್ಯಾಕ್ ಕಂಪ್ರೆಷನ್ ಎನ್ನುವುದು ಇದನ್ನೇ. ಆ ಅನಿಲವನ್ನು ಹೊರಗೆ ಎಳೆಯಲೆಂದೇ ಟ್ಯಾಪೆಟ್ ಕವರಿನಿಂದ ಇನ್‌ಟೇಕ್ ಮ್ಯಾನಿಫೋಲ್ಡಿಗೆ ಒಂದು ಪೈಪು, ಅದರಲ್ಲಿ ಸಣ್ಣದೊಂದು ವೆಂಟಿಲೇಷನ್ ವಾಲ್ವ್ ಕೊಟ್ಟಿದ್ದಾರೆ. ಹೊಸ ಗಾಳಿ ಎಣ್ಣೆ ತುಂಬುವ ಕೊಳವೆಯ ಮುಚ್ಚಳದ ಜಾಲರಿಯಿಂದ ಒಳಹೋಗುತ್ತದೆ. ವಾಲ್ವ್ ಕಟ್ಟಿಕೊಂಡರೆ, ಜಾಲರಿ ಧೂಳು-ಜಿಡ್ಡಿನಿಂದ ಮುಚ್ಚಿದರೆ, ಅನಿಲಕ್ಕೆ ಉಳಿಯುವ ದಾರಿ ಸೀಲಿನ ತುಟಿಯೊಂದೇ. ಹೊಸ ಸೀಲೂ ಹಳೆ ಸೀಲೂ ಅಲ್ಲಿ ಒಂದೇ. ನಮ್ಮ ಕಡೆ ಇನ್ನೊಂದು ಚಾಳಿ ಇದಕ್ಕೆ ತುಪ್ಪ ಸುರಿಯುತ್ತದೆ: "ಇಲ್ಲೇನು ಬಿಸಿಲಾ, ಹೀಟ್ ಆಗದಿದ್ದರೆ ಸಾಕು" ಎಂದು, ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟಾಟ್ ಕಿತ್ತು ಬಿಸಾಡುವುದು. ಆಗುಂಬೆ, ಬಿದನೂರು ನಗರ, ಹುಲಿಕಲ್ ಕಡೆಯ ಮಳೆಗಾಲದಲ್ಲಿ ಥರ್ಮೋಸ್ಟಾಟ್ ಇಲ್ಲದ ಎಂಜಿನ್ ಸರಿಯಾಗಿ ಬಿಸಿಯಾಗುವುದೇ ಇಲ್ಲ. ಒಳಗಿನ ತೇವ ಆವಿಯಾಗಿ ಹೊರಹೋಗದೆ ಎಣ್ಣೆಯೊಡನೆ ಸೇರಿ ಕೆಸರಾಗುತ್ತದೆ; ಕೆಸರು ಹೋಗಿ ಆ ವಾಲ್ವಿನಲ್ಲಿ ಕೂರುತ್ತದೆ.

ಆದ್ದರಿಂದ ಸ್ಪ್ಯಾನರ್ ಹಿಡಿಯುವ ಮೊದಲು ಎಂಜಿನ್ ಬಿಸಿಯಿರುವಾಗ ಐಡಲ್‌ನಲ್ಲಿ ಎಣ್ಣೆ ಮುಚ್ಚಳ ತೆಗೆದು ನೋಡಿ. ಮೇಲೊಂದು ತೆಳು ಕಾಗದ ಇಟ್ಟರೆ ಅದು ಮೆಲ್ಲಗೆ ಒಳಕ್ಕೆ ಎಳೆದುಕೊಳ್ಳಬೇಕು ಅಥವಾ ಸುಮ್ಮನಿರಬೇಕು. ಹಾರುತ್ತಿದ್ದರೆ, ಬುಸುಬುಸು ಹೊಗೆ ಬರುತ್ತಿದ್ದರೆ, ವಾಲ್ವು, ಪೈಪು, ಜಾಲರಿಯನ್ನು ಸೀಮೆಎಣ್ಣೆಯಲ್ಲಿ ತೊಳೆದು ಮತ್ತೆ ನೋಡಿ. ಆಮೇಲೂ ಹಾರಿದರೆ ಕಂಪ್ರೆಷನ್ ಅಳೆಯಿರಿ. ಈ ಎಂಜಿನ್ನಿಗೆ 120ರಿಂದ 130 ಪಿಎಸ್‌ಐ ಇರಬೇಕು, ನಾಲ್ಕು ಸಿಲಿಂಡರುಗಳ ನಡುವೆ 10ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆದಾಗ ಏರಿದರೆ ರಿಂಗು ಸವೆದಿದೆ. ಏರದೆ, ಪಕ್ಕಪಕ್ಕದ ಎರಡು ಸಿಲಿಂಡರು ಒಟ್ಟಿಗೆ ಕಡಿಮೆಯಿದ್ದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ (ಹೆಡ್ಡಿಗೂ ಬ್ಲಾಕಿಗೂ ನಡುವಿನ ಹಾಳೆ) ಹಾರಿರುವ ಸಂಭವ ಹೆಚ್ಚು. ರಿಂಗು ಹೋದ ಎಂಜಿನ್ನಿಗೆ ಸೀಲು ಮಾತ್ರ ಹಾಕಿಸುವುದು ದುಡ್ಡು ಹಾಳು. ಅದನ್ನು ಮಾಲೀಕರಿಗೆ ಮೊದಲೇ ಹೇಳಿಬಿಡುವುದು ಮರ್ಯಾದೆ.

ಡಿಪ್‌ಸ್ಟಿಕ್ಕಿನ ಎಣ್ಣೆ ಪೆಟ್ರೋಲ್ ವಾಸನೆ ಹೊಡೆದು, ಮಟ್ಟ ತಾನಾಗಿ ಏರಿದ್ದರೆ ಫ್ಯೂಯೆಲ್ ಪಂಪಿನ ಡಯಾಫ್ರಂ ಹರಿದಿರಬಹುದು. ಪೆಟ್ರೋಲ್ ಬೆರೆತು ತೆಳುವಾದ ಎಣ್ಣೆ ಯಾವ ಸೀಲಿನಲ್ಲೂ ನಿಲ್ಲದು.

ಹೆಡ್ ಗ್ಯಾಸ್ಕೆಟ್ ವಿಷಯದಲ್ಲಿ ಮಲೆನಾಡಿಗರು ಆತುರಪಡುವ ಒಂದು ಸಂದರ್ಭವಿದೆ. ಮಳೆಗಾಲದಲ್ಲಿ ಎಣ್ಣೆ ಮುಚ್ಚಳದ ಒಳಗೆ ಹಾಲುಬಣ್ಣದ ನೊರೆ ಕಂಡ ಕೂಡಲೇ ಹೆಡ್ ಇಳಿಸಬೇಡಿ. ಮನೆಯಿಂದ ತೋಟಕ್ಕೆ, ತೋಟದಿಂದ ಡೇರಿಗೆ ಎಂದು ತುಂಡು ತುಂಡು ಓಡಾಟ ಮಾಡುವ ಗಾಡಿಯಲ್ಲಿ ಅದು ಬರಿಯ ತೇವ. ಒಂದು ಗಂಟೆ ಸರಿಯಾಗಿ ಬಿಸಿಮಾಡಿ ಓಡಿಸಿದರೆ ಮಾಯವಾಗುತ್ತದೆ. ಡಿಪ್‌ಸ್ಟಿಕ್ಕಿನ ಎಣ್ಣೆಯೇ ಬಿಳಿಚಿದ್ದರೆ, ರೇಡಿಯೇಟರಿನಲ್ಲಿ ಎಡೆಬಿಡದೆ ಗುಳ್ಳೆ ಬರುತ್ತಿದ್ದರೆ, ಹೊರಗೆ ಎಲ್ಲೂ ಸೋರದೆ ನೀರು ಕಡಿಮೆಯಾಗುತ್ತಿದ್ದರೆ ಆಗ ಹೆಡ್ಡಿಗೆ ಕೈಹಾಕಿ. ವಾಟರ್ ಪಂಪಿನ ಕೆಳಗಿನ ಸಣ್ಣ ತೂತಿನಿಂದ ನೀರು ತೊಟ್ಟಿಕ್ಕಿದರೆ ಪಂಪಿನ ಒಳಸೀಲು ಹೋಗಿದೆ ಎಂದರ್ಥ. ಆ ತೂತಿಗೆ ಎಂ-ಸೀಲ್ ಮೆತ್ತುವವರಿದ್ದಾರೆ. ಆಮೇಲೆ ನೀರು ಬೇರಿಂಗಿಗೆ ಇಳಿದು ಪಂಪೇ ಹಿಡಿದುಕೊಳ್ಳುತ್ತದೆ.

ಎಫ್-ಹೆಡ್ ಇಳಿಸುವಾಗ ಒಂದು ಬೋಲ್ಟು ಕಣ್ಣಿಗೆ ಬೀಳುವುದಿಲ್ಲ. ಇನ್‌ಟೇಕ್ ಮ್ಯಾನಿಫೋಲ್ಡ್ ಹೆಡ್ಡಿನ ಜೊತೆಗೇ ಎರಕ ಹೊಯ್ದದ್ದಾದ್ದರಿಂದ, ಕಾರ್ಬೊರೇಟರ್ ಕೂರುವ ಜಾಗದ ಕೆಳಗೆ, ಆ ಬಾಯಿಯ ಒಳಗೇ, ಒಂದು ಹೆಡ್ ಬೋಲ್ಟ್ ಇದೆ. ಉಳಿದವನ್ನೆಲ್ಲ ಬಿಚ್ಚಿ, ಹೆಡ್ ಏಳುತ್ತಿಲ್ಲವೆಂದು ಮೀಟುಗೋಲು ಹಾಕಿ ಎಬ್ಬಿಸಿದರೆ ಒಂದೋ ಹೆಡ್ಡಿನ ಮೈ ಗೀರಿಹೋಗುತ್ತದೆ, ಇಲ್ಲವೇ ಎರಕ ಸೀಳುತ್ತದೆ. ಆ ಬೋಲ್ಟ್ ಬಿಗಿಯಾಗಿ ಕೂರದಿದ್ದರೆ ಅಲ್ಲಿಂದ ಗಾಳಿ ಎಳೆದು ಐಡಲ್ ಏರುಪೇರಾಗುತ್ತದೆ ಎಂಬುದನ್ನೂ ನೆನಪಿಡಿ.

ಇಳಿಸಿದ ಮೇಲೆ ಹಳೆ ಗ್ಯಾಸ್ಕೆಟ್ಟಿನ ಚೂರು ಕೆರೆಯುವಾಗ ಎಚ್ಚರ. ಹಳೆಯ ತಾಮ್ರದ ಹೆಡ್ ಗ್ಯಾಸ್ಕೆಟ್ಟುಗಳ ಒಳಗೆ ಆಸ್ಬೆಸ್ಟಾಸ್ ಇರುತ್ತಿತ್ತು. ಡ್ರಿಲ್ಲಿಗೆ ತಂತಿಯ ಬ್ರಶ್ ಸಿಕ್ಕಿಸಿ ಒಣದಾಗಿ ಉಜ್ಜಿದರೆ ಆ ನೂಲು ಶ್ವಾಸಕೋಶಕ್ಕೇ ಹೋಗುತ್ತದೆ. ಎಣ್ಣೆ ಅಥವಾ ನೀರು ಸವರಿ, ಒದ್ದೆಯಿರುವಾಗಲೇ ಅಗಲ ಬ್ಲೇಡಿನಿಂದ ಕೈಯಲ್ಲೇ ಕೆರೆಯಿರಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ. ಕೆರೆಯುವ ಮುನ್ನ ಸಿಲಿಂಡರಿಗೂ ನೀರಿನ ಬಾಯಿಗಳಿಗೂ ಬಟ್ಟೆ ತುರುಕಿರಬೇಕು.

ಹೆಡ್ ಸಪಾಟಾಗಿದೆಯೇ ಎಂದು ನೋಡಲು ನೇರ ಅಂಚಿನ ಉಕ್ಕಿನ ಪಟ್ಟಿ, ಫೀಲರ್ ಗೇಜ್ ಸಾಕು. ಉದ್ದಕ್ಕೆ, ಅಡ್ಡಕ್ಕೆ, ಎರಡೂ ಮೂಲೆಗೆರೆಗಳಲ್ಲಿ ಇಟ್ಟು ನೋಡಿ. ಆರು ಇಂಚಿನೊಳಗೆ 0.05 ಮಿಮೀ ಎಲೆ ನುಗ್ಗಿದರೆ, ಇಡೀ ಉದ್ದದಲ್ಲಿ 0.15 ಮಿಮೀ ನುಗ್ಗಿದರೆ, ಸರ್ಫೇಸ್ ಗ್ರೈಂಡಿಂಗಿಗೆ ಕಳಿಸುವುದು ಒಳ್ಳೆಯದು. ಬಿಸಿ ಎಂಜಿನ್ನಿನ ಗಾಡಿಯನ್ನು ತಣ್ಣನೆ ಹಳ್ಳಕ್ಕೆ ಇಳಿಸುವ, ಕುದಿಯುವ ರೇಡಿಯೇಟರಿಗೆ ಬಾವಿನೀರು ಸುರಿಯುವ ಅಭ್ಯಾಸವಿರುವಲ್ಲಿ ಹೆಡ್ ಬಾಗಿರುವುದು, ಬಿರುಕು ಬಿಟ್ಟಿರುವುದು ಅಪರೂಪವಲ್ಲ. ಬೋಲ್ಟಿನ ತೂತುಗಳನ್ನು ಗಾಳಿ ಹೊಡೆದು ಒಣಗಿಸಲೇಬೇಕು. ತಳದಲ್ಲಿ ನೀರೋ ಎಣ್ಣೆಯೋ ನಿಂತಿದ್ದರೆ ಬೋಲ್ಟ್ ಬಿಗಿಯುವಾಗ ಅದು ಜಾಗ ಸಿಗದೆ ಬ್ಲಾಕನ್ನೇ ಸೀಳಬಹುದು. ಸೀಳದಿದ್ದರೂ ಟಾರ್ಕ್ ರೆಂಚ್ ಸುಳ್ಳು ಹೇಳುತ್ತದೆ.

ಹೊಸ ಗ್ಯಾಸ್ಕೆಟ್ಟನ್ನು ಹಳೆಯದರ ಮೇಲಿಟ್ಟು ತೂತಿಗೆ ತೂತು ಹೋಲಿಸಿ. ಎಲ್-ಹೆಡ್ಡಿನದು (ಎರಡೂ ವಾಲ್ವ್ ಬ್ಲಾಕಿನಲ್ಲೇ ಇರುವ ಹಳೆಯ ಮಾದರಿಯದು) ಎಫ್-ಹೆಡ್ಡಿಗೆ ಬರುವುದಿಲ್ಲ, ಆದರೂ ಅಂಗಡಿಯಲ್ಲಿ "ವಿಲ್ಲೀಸಿನದು" ಎಂದಷ್ಟೇ ಕೇಳಿದರೆ ಯಾವುದಾದರೂ ಕೈಗೆ ಬರಬಹುದು. ಕೆಲವು ನೀರಿನ ತೂತು ಬ್ಲಾಕಿನದಕ್ಕಿಂತ ಸಣ್ಣದಿರುವುದು ಬೇಕೆಂದೇ. ನೀರು ಎಲ್ಲಿ ಎಷ್ಟು ಹರಿಯಬೇಕು ಎಂದು ಲೆಕ್ಕಹಾಕಿ ಬಿಟ್ಟದ್ದು. ಕತ್ತರಿಯಿಂದ ದೊಡ್ಡದು ಮಾಡಬೇಡಿ. ಬೋಲ್ಟುಗಳ ನೂಲಿಗೆ ಹನಿ ಎಣ್ಣೆ ಮುಟ್ಟಿಸಿ, ಮಧ್ಯದಿಂದ ಆರಂಭಿಸಿ ಎಡಕ್ಕೊಂದು ಬಲಕ್ಕೊಂದರಂತೆ ಹೊರಕ್ಕೆ ಹೋಗುತ್ತ ಬಿಗಿಯಿರಿ: ಮೊದಲ ಸುತ್ತು 30 ಅಡಿ-ಪೌಂಡ್, ಎರಡನೆಯದು 50, ಕೊನೆಗೆ 65. ತಯಾರಕರು ಕೊಟ್ಟ ಮಿತಿ 60ರಿಂದ 70. ಕೆಜಿ-ಮೀಟರಿನಲ್ಲಿ ಸುಮಾರು 8.3ರಿಂದ 9.7. ಕಾರ್ಬೊರೇಟರಿನ ಕೆಳಗಿನ ಬೋಲ್ಟಿಗೂ ಇದೇ ಲೆಕ್ಕ, ಕಾರ್ಬೊರೇಟರ್ ಕೂರಿಸುವ ಮುನ್ನ. ಎಂಜಿನ್ ತಣ್ಣಗಿರುವಾಗ ಇನ್‌ಟೇಕ್ ಟ್ಯಾಪೆಟ್ ಅಂತರ 0.018 ಇಂಚು, ಎಕ್ಸಾಸ್ಟ್ 0.016 ಇಂಚು. ಎಕ್ಸಾಸ್ಟಿನದನ್ನು ಪಕ್ಕದ ಟ್ಯಾಪೆಟ್ ಕವರ್ ತೆಗೆದೇ ಮಾಡಬೇಕು. ಹೇಗೂ ಅದರ ಕಾರ್ಕ್ ಬದಲಿಸುವುದಿದ್ದರೆ ಆಗಲೇ ಮುಗಿಸಿಬಿಡಿ. ಬೋಲ್ಟುಗಳು ಇಂಚಿನ ಅಳತೆಯವು ಎಂಬುದನ್ನು ಮರೆಯಬೇಡಿ. ಅರ್ಧ ಇಂಚಿನ ತಲೆಗೆ 13 ಎಂಎಂ ಪಾನಾ ಹತ್ತುತ್ತದೆ, ಆದರೆ 0.3 ಮಿಮೀ ಆಟವಿರುತ್ತದೆ. ತುಕ್ಕು ಹಿಡಿದ ಬೋಲ್ಟಿನ ಮೂಲೆ ಉರುಟಾಗಲು ಅಷ್ಟು ಸಾಕು.

ಈಗ ಎಲ್ಲರೂ ಹೆದರುವ ಹಿಂದಿನ ಮೇನ್ ಸೀಲ್. ಇದು ಎರಡು ಹೋಳಿನದು: ಮೇಲಿನ ಅರ್ಧ ಬ್ಲಾಕಿನ ತೋಡಿನಲ್ಲಿ, ಕೆಳಗಿನ ಅರ್ಧ ಬೇರಿಂಗ್ ಕ್ಯಾಪಿನ ತೋಡಿನಲ್ಲಿ ಕೂರುತ್ತದೆ. ಎಂಜಿನ್ ಇಳಿಸದೆ, ಗೇರ್ ಬಾಕ್ಸ್ ಬಿಚ್ಚದೆ, ಚೇಂಬರ್ ತೆಗೆದು ಕೆಳಗಿನಿಂದಲೇ ಬದಲಿಸಬಹುದು. ಹಿಂದಿನ ಕ್ಯಾಪ್ ಡೋವೆಲ್ ಪಿನ್ನುಗಳ ಮೇಲೆ ಕೂತಿರುವುದರಿಂದ ನೇರ ಕೆಳಕ್ಕೆ ಎಳೆಯಬೇಕು. ಒಂದು ಬದಿಗೆ ಮೀಟಿದರೆ ಪಿನ್ ಬಾಗುತ್ತದೆ, ಆಮೇಲೆ ಕ್ಯಾಪ್ ತನ್ನ ಜಾಗಕ್ಕೆ ಬರುವುದಿಲ್ಲ. ಉಳಿದೆರಡು ಮೇನ್ ಕ್ಯಾಪುಗಳ ಬೋಲ್ಟನ್ನು ಒಂದೆರಡು ಸುತ್ತು ಸಡಿಲಿಸಿದರೆ ಕ್ರ್ಯಾಂಕ್ ಕೂದಲೆಳೆಯಷ್ಟು ಇಳಿದು ಮೇಲಿನ ಹೋಳು ಹೊರಬರಲು ಜಾಗವಾಗುತ್ತದೆ. ಹಿತ್ತಾಳೆಯ ಕಡ್ಡಿಯಿಂದ ಒಂದು ತುದಿಯನ್ನು ತಳ್ಳಿ, ಇನ್ನೊಂದು ತುದಿ ಕಂಡಾಗ ಇಕ್ಕಳದಿಂದ ಎಳೆಯಿರಿ. ಉಕ್ಕಿನ ಸ್ಕ್ರೂಡ್ರೈವರ್ ಬಳಸಿ ಕ್ರ್ಯಾಂಕಿಗೆ ಗೀರು ಬಿದ್ದರೆ ಆ ಗೀರೇ ಮುಂದೆ ಎಣ್ಣೆಯ ಕಾಲುವೆ.

ಹಳೆಯ ಕ್ರಮದಲ್ಲಿ ಇಲ್ಲಿ ಇದ್ದದ್ದು ಗ್ರಾಫೈಟ್ ಹಚ್ಚಿದ ಹೆಣೆದ ಹಗ್ಗ. ಈಗ ತುಟಿಯಿರುವ ರಬ್ಬರಿನ ಎರಡು ಹೋಳಿನ ಸೀಲೂ ಸಿಗುತ್ತದೆ. ಕ್ರ್ಯಾಂಕಿನ ಮೈ ನುಣುಪಾಗಿದ್ದರೆ ರಬ್ಬರಿನದು ಮೇಲು. ಉಗುರಿಗೆ ತಾಗುವಷ್ಟು ಗೆರೆ ಬಿದ್ದಿದ್ದರೆ ರಬ್ಬರಿನ ತುಟಿ ಅಲ್ಲಿ ಬೇಗ ಹರಿಯುತ್ತದೆ. ಅಂಥ ಕ್ರ್ಯಾಂಕಿಗೆ ಹಗ್ಗವೇ ವಾಸಿ ಎಂಬುದು ನನ್ನ ಅಭಿಪ್ರಾಯ. ರಬ್ಬರಿನದಾದರೆ ತುಟಿ ಎಂಜಿನ್ನಿನ ಮುಂಭಾಗಕ್ಕೆ, ಅಂದರೆ ಎಣ್ಣೆಯ ಕಡೆಗೆ ಮುಖಮಾಡಬೇಕು. ತಿರುಗುಮುರುಗಾದರೆ ಮೊದಲ ದಿನವೇ ಸೋರುತ್ತದೆ. ಎರಡು ಹೋಳು ಕೂಡುವ ತುದಿಗಳನ್ನು ಕ್ಯಾಪಿನ ಗೆರೆಗೆ ಸರಿಯಾಗಿ ನಿಲ್ಲಿಸದೆ, ಒಂದು ತುದಿ ಮೇಲೆ ಒಂದು ತುದಿ ಕೆಳಗೆ ಬರುವಂತೆ ಸ್ವಲ್ಪ ಸರಿಸಿ ಕೂರಿಸಿ. ತುದಿಗಳಿಗೆ ಮಾತ್ರ ಸಾಸಿವೆಯಷ್ಟು ಸೀಲೆಂಟ್. ಹಗ್ಗವಾದರೆ ಎಂಜಿನ್ ಎಣ್ಣೆಯಲ್ಲಿ ನೆನೆಸಿ, ತೋಡಿನೊಳಗಿಟ್ಟು ನುಣುಪಾದ ಉರುಟು ಕಂಬಿಯಿಂದ ಮಧ್ಯದಿಂದ ತುದಿಗೆ ಉರುಳಿಸಿ ಒತ್ತಿ, ಹೆಚ್ಚಾದ ತುದಿಯನ್ನು ಹೊಸ ಬ್ಲೇಡಿನಿಂದ ಮಟ್ಟಸಕ್ಕೆ ಕತ್ತರಿಸಬೇಕು. ಒಂದೆರಡು ನೂಲು ಕ್ಯಾಪಿನ ಅಂಚಿಗೆ ಸಿಕ್ಕಿಕೊಂಡರೂ ಕ್ಯಾಪ್ ಪೂರ್ತಿ ಕೂರುವುದಿಲ್ಲ. ಆಗ ಸೋರಿಕೆಯ ಜೊತೆಗೆ ಬೇರಿಂಗಿನ ಅಂತರವೂ ತಪ್ಪಿ ಎಣ್ಣೆಯ ಒತ್ತಡ ಬೀಳುತ್ತದೆ. ಮೇನ್ ಕ್ಯಾಪಿನ ಬೋಲ್ಟುಗಳಿಗೆ 65ರಿಂದ 75 ಅಡಿ-ಪೌಂಡ್. ಬಿಗಿದ ಮೇಲೆ ಕೈಹ್ಯಾಂಡಲಿನಿಂದ ಎರಡು ಸುತ್ತು ತಿರುಗಿಸಿ. ಹೊಸ ಹಗ್ಗಕ್ಕೆ ಸ್ವಲ್ಪ ಬಿಗಿ ಇರುತ್ತದೆ, ಆದರೆ ಎಲ್ಲೂ ಹಿಡಿಯಬಾರದು.

ಹಿಂದಿನ ಕ್ಯಾಪಿನ ಎರಡು ಪಕ್ಕಗಳಲ್ಲಿ, ಕ್ಯಾಪಿಗೂ ಬ್ಲಾಕಿಗೂ ನಡುವಿನ ಸಂದಿಗೆ, ಎರಡು ರಬ್ಬರ್ ಕಡ್ಡಿಗಳಿವೆ. ಸೆಟ್ಟಿನಲ್ಲಿ ಬಂದ ಇವನ್ನು ಏನೆಂದು ತಿಳಿಯದೆ ಬಿಸಾಡುವುದುಂಟು. ಹಾಕಿದವರೂ, ಕಾಲಿಂಚು ಹೊರಗೆ ಉಳಿಯಿತೆಂದು ಕತ್ತರಿಸಿಬಿಡುತ್ತಾರೆ. ಆ ಕಾಲಿಂಚು, ಸುಮಾರು 6 ಮಿಮೀ, ಉಳಿಯಲೇಬೇಕು. ಚೇಂಬರ್ ಬಿಗಿದಾಗ ಅದು ರಬ್ಬರನ್ನು ಒಳಕ್ಕೆ ಒತ್ತಿ ಸಂದಿಯನ್ನು ತುಂಬಿಸುತ್ತದೆ. ಸೀಲು ಸರಿಯಿದ್ದೂ ಹಿಂದೆ ಸೋರುವ ಎಂಜಿನ್ನುಗಳಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ.

ಮುಂದಿನ ಸೀಲು ಟೈಮಿಂಗ್ ಕವರಿನಲ್ಲಿದೆ. ಪುಲ್ಲಿಯ ಹಬ್ಬಿನಲ್ಲಿ ತುಟಿ ಕೊರೆದ ಗೆರೆಯಿದ್ದರೆ 0.28 ಮಿಮೀ ದಪ್ಪದ ತೆಳು ಸ್ಟೇನ್‌ಲೆಸ್ ಬಳೆ (ಸ್ಲೀವ್) ಸಿಗುತ್ತದೆ, ಹಬ್ಬಿನ ಮೇಲೆ ಏರಿಸಿದರೆ ಹೊಸ ಮೈ ಸಿಕ್ಕಂತೆ. ಕ್ರ್ಯಾಂಕಿನ ಮೇಲಿರುವ ಎಣ್ಣೆ ಎರಚುವ ಬಿಲ್ಲೆಯನ್ನು ಮರಳಿ ಹಾಕುವುದು ಮರೆಯಬಾರದು. ಕವರಿನ ಬೋಲ್ಟುಗಳನ್ನು ಸಡಿಲವಾಗಿಟ್ಟು, ಮೊದಲು ಪುಲ್ಲಿ ತೂರಿಸಿ ಸೀಲನ್ನು ನಡುಮಧ್ಯಕ್ಕೆ ತಂದು, ಆಮೇಲೆ ಬಿಗಿಯಿರಿ. ಯಾವ ತುಟಿಯ ಸೀಲನ್ನೂ ಒಣದಾಗಿ ಹಾಕಬಾರದು. ತುಟಿಗೆ ಎಣ್ಣೆ, ಕೀ ಕೂರುವ ತೋಡಿನ ಮೇಲೆ ಒಂದು ಸುತ್ತು ಟೇಪು. ಸೀಲಿನ ಮೇಲೆ ಬರೆದಿರುವ ಮೂರು ಸಂಖ್ಯೆ ಒಳವ್ಯಾಸ, ಹೊರವ್ಯಾಸ, ದಪ್ಪ. ಹಳೆಯದನ್ನು ನೋಡಿ ಕೊಳ್ಳುವಾಗ ಶಾಫ್ಟನ್ನೂ ವರ್ನಿಯರಿನಲ್ಲಿ ಅಳೆಯುವುದು ಕ್ಷೇಮ, ಯಾಕೆಂದರೆ ಹಿಂದೆ ಯಾರೋ ತಪ್ಪು ಸೀಲು ಹಾಕಿರಬಹುದು.

ಪ್ಯಾಕಿಂಗುಗಳ ದಪ್ಪದ ಬಗ್ಗೆ ಒಂದು ಮಾತು ಹೇಳಲೇಬೇಕು. ಕೈಗೆ ಸಿಕ್ಕ ಆಯಿಲ್ ಪೇಪರನ್ನು ಸುತ್ತಿಗೆಯಿಂದ ತಟ್ಟಿ ಆಕಾರ ತೆಗೆಯುವ ಕಲೆ ನಮ್ಮ ಮೆಕ್ಯಾನಿಕ್‌ಗಳಿಗೆ ಚೆನ್ನಾಗಿ ಒಲಿದಿದೆ. ಬಹಳ ಕಡೆ ಅದು ನಡೆಯುತ್ತದೆ. ಆಯಿಲ್ ಪಂಪಿನ ಮುಚ್ಚಳದಲ್ಲಿ ನಡೆಯುವುದಿಲ್ಲ. ಅಲ್ಲಿನ ಪೇಪರಿನ ದಪ್ಪವೇ ಒಳಗಿನ ಗೇರಿಗೂ ಮುಚ್ಚಳಕ್ಕೂ ನಡುವಿನ ಅಂತರ. ದಪ್ಪ ಪೇಪರ್ ಹಾಕಿದರೆ ಸೋರಿಕೆ ನಿಂತು ಪ್ರೆಷರ್ ಬೀಳುತ್ತದೆ. ಇನ್ನು, ಪಂಪನ್ನು ಬ್ಲಾಕಿನಿಂದ ಎಳೆಯುವ ಮೊದಲು ಡಿಸ್ಟ್ರಿಬ್ಯೂಟರಿನ ಒಳಗಿನ ರೋಟರಿನ ದಿಕ್ಕನ್ನು ಗುರುತು ಮಾಡಿಕೊಳ್ಳಿ. ಡಿಸ್ಟ್ರಿಬ್ಯೂಟರ್ ತಿರುಗುವುದು ಈ ಪಂಪಿನ ಶಾಫ್ಟಿನಿಂದಲೇ. ಒಂದು ಹಲ್ಲು ತಪ್ಪಿ ಕೂತರೆ ಟೈಮಿಂಗ್ ಹೋಯಿತು; ಪ್ಯಾಕಿಂಗ್ ಬದಲಿಸಲು ಬಂದ ಗಾಡಿ ಸ್ಟಾರ್ಟೇ ಆಗದೆ ನಿಲ್ಲುತ್ತದೆ.

ಚೇಂಬರಿನ ಕಾರ್ಕ್ ಬಗ್ಗೆ: ಅಂಗಡಿಯಲ್ಲಿ ಬಹುಕಾಲ ಇದ್ದ ಕಾರ್ಕ್ ಒಣಗಿ ಕುಗ್ಗಿ, ತೂತುಗಳು ಹೊಂದುವುದಿಲ್ಲ. ಎಳೆದು ಹರಿಯಬೇಡಿ, ಬೆಚ್ಚಗಿನ ನೀರಲ್ಲಿ ಸ್ವಲ್ಪ ಹೊತ್ತು ನೆನೆಸಿದರೆ ಅಳತೆಗೆ ಬರುತ್ತದೆ, ಒರೆಸಿ ಹಾಕಿ. ಹಿಂದೆ ವಿಪರೀತ ಬಿಗಿದಿದ್ದರಿಂದ ಚೇಂಬರಿನ ಅಂಚು ಬೋಲ್ಟಿನ ತೂತುಗಳ ಸುತ್ತ ಉಬ್ಬಿರುತ್ತದೆ. ಮರದ ದಿಮ್ಮಿಯ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ತಟ್ಟಿ ಸಪಾಟು ಮಾಡದಿದ್ದರೆ ಎಂಥ ಕಾರ್ಕೂ ನಿಲ್ಲದು. ಬಿಗಿಯುವಾಗ ಕಾರ್ಕಿನ ದಪ್ಪ ಮೂರರಲ್ಲಿ ಒಂದು ಪಾಲು ಇಳಿದರೆ ಸಾಕು. ಅದಕ್ಕೂ ಮೇಲೆ ಬಿಗಿದರೆ ಪಕ್ಕಕ್ಕೆ ಉಬ್ಬಿ ಸೀಳುತ್ತದೆ.

ಸಿಲಿಕಾನ್ ಗಮ್ಮಿನ ಮೇಲೆ ನನಗೆ ದ್ವೇಷವಿಲ್ಲ, ಅದನ್ನು ಬಳಿಯುವ ರೀತಿಯ ಮೇಲಿದೆ. ಎರಡು ಬದಿಗೂ ದಪ್ಪಗೆ ಮೆತ್ತಿ ಬಿಗಿದಾಗ ಹೊರಗೆ ಎಷ್ಟು ಉಬ್ಬಿ ಬಂತೋ ಒಳಗೂ ಅಷ್ಟೇ ಉಬ್ಬಿರುತ್ತದೆ. ಒಳಗಿನದು ಹುಳುವಿನಂತೆ ಕಳಚಿ, ಚೇಂಬರಿನಲ್ಲಿ ತೇಲುವ ಎಣ್ಣೆ ಜಾಲರಿಗೆ ಹೋಗಿ ಅಂಟುತ್ತದೆ, ಎಂಜಿನ್ನಿಗೆ ಎಣ್ಣೆಯೇ ಇಲ್ಲವಾಗುತ್ತದೆ. ಕಾರ್ಕಿಗೆ, ಪೇಪರಿಗೆ ಸಿಲಿಕಾನ್ ಬೇಕಾಗಿಲ್ಲ. ಮೂರು ಭಾಗ ಕೂಡುವ ಮೂಲೆಗಳಿಗೆ ಮಾತ್ರ ಒಂದು ಬಟ್ಟು ಹಚ್ಚಿದರೆ ಮುಗಿಯಿತು. ಪೆಟ್ರೋಲ್ ತಾಗುವ ಕಾರ್ಬೊರೇಟರ್, ಫ್ಯೂಯೆಲ್ ಪಂಪಿಗೆ ಸಿಲಿಕಾನ್ ಹಚ್ಚಲೇಬಾರದು, ಉಬ್ಬಿ ಕಳಚುತ್ತದೆ. ಹಳಬರು ಬಳಸುತ್ತಿದ್ದ ಶೆಲಾಕ್ ಎಂಜಿನ್ ಎಣ್ಣೆಗೆ ಕರಗುವುದಿಲ್ಲ, ಎಣ್ಣೆಯ ಕಡೆ ಇವತ್ತಿಗೂ ಒಳ್ಳೆಯದೇ. ಆದರೆ ಶೆಲಾಕ್ ಕರಗುವುದು ಆಲ್ಕೋಹಾಲಿನಲ್ಲಿ, ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಆದ್ದರಿಂದ ಪೆಟ್ರೋಲಿನ ಕಡೆ ಶೆಲಾಕ್ ಕಾಲ ಮುಗಿಯಿತು. ಅಲ್ಲಿ ಒಣ ಪ್ಯಾಕಿಂಗ್, ಸಪಾಟಾದ ಮೈ, ಎಥನಾಲ್ ತಾಳುವ ಡಯಾಫ್ರಂ, ಇಷ್ಟೇ ದಾರಿ.

ಡೀಸೆಲ್ ಜೀಪುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಹೀಂದ್ರ ಎಂಎಂ 540ರಲ್ಲಿ ಬಂದ 2112 ಸಿಸಿಯ ಪ್ಯೂಜೋ ಎಂಜಿನ್ನಿಗಾಗಲಿ ಬೇರೆ ಡೀಸೆಲ್ಲಿಗಾಗಲಿ ಮೇಲಿನ ಟಾರ್ಕ್ ಲೆಕ್ಕ ಹಾಕಬೇಡಿ. ಡೀಸೆಲ್ಲಿನಲ್ಲಿ ಪಿಸ್ಟನ್ ಬ್ಲಾಕಿನ ಮೈಯಿಂದ ಎಷ್ಟು ಹೊರಬರುತ್ತದೆ ಎಂದು ಡಯಲ್ ಗೇಜಿನಲ್ಲಿ ಅಳೆದು, ಅದಕ್ಕೆ ತಕ್ಕ ದಪ್ಪದ ಹೆಡ್ ಗ್ಯಾಸ್ಕೆಟ್ ಆರಿಸಬೇಕಾಗುತ್ತದೆ. ತೆಳುವಾದರೆ ಪಿಸ್ಟನ್ ತಾಗುತ್ತದೆ, ದಪ್ಪವಾದರೆ ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ. ಪೆಟ್ರೋಲ್ ಜೀಪಿಗೆ ಹಿಂದೆಂದೋ ಡೀಸೆಲ್ ಎಂಜಿನ್ ಕೂರಿಸಿರುವುದು ನಮ್ಮ ಕಡೆ ಸಾಮಾನ್ಯ, ಹಾಗಾಗಿ ಆರ್.ಸಿ. ಪುಸ್ತಕ ನೋಡಿ ಸೆಟ್ ತರಬೇಡಿ, ಎಂಜಿನ್ ನೋಡಿ ತನ್ನಿ.

ಎಂಜಿನ್ನಿನ ಸೋರಿಕೆಯನ್ನು ಬಿಟ್ಟರೂ ಬಿಡಬಹುದು, ಬಿಡಬಾರದ ಎರಡು ಜಾಗಗಳಿವೆ. ಕ್ಲಚ್ ಪ್ಲೇಟಿಗೆ ಎಣ್ಣೆ ತಾಗಿದರೆ ಘಾಟಿಯ ಏರಿನಲ್ಲಿ ಜಾರುತ್ತದೆ. ಹಿಂದಿನ ಆಕ್ಸಲ್ ಸೀಲು ಹೋದರೆ ಗೇರ್ ಆಯಿಲ್ ಬ್ರೇಕ್ ಶೂಗೆ ಇಳಿಯುತ್ತದೆ, ಬಾಳೆಬರೆ ಘಾಟಿಯ ಇಳಿಜಾರಿನಲ್ಲಿ ಅದು ಪ್ರಾಣದ ವಿಷಯ. ಎಣ್ಣೆ ಕುಡಿದ ಶೂಗಳನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕಬೇಡಿ, ಬಿಸಿಯಾದಾಗ ಎಣ್ಣೆ ಮತ್ತೆ ಹೊರಬರುತ್ತದೆ. ಸೀಲಿನ ಜೊತೆ ಆಕ್ಸಲ್ ಹೌಸಿಂಗಿನ ಗಾಳಿತೂತನ್ನೂ ನೋಡಿ. ಕೆಸರಿನಿಂದ ಮುಚ್ಚಿದ್ದರೆ ಬಿಸಿಯಾದಾಗ ಎಣ್ಣೆಯನ್ನು ಹೊರಕ್ಕೆ ತಳ್ಳುತ್ತದೆ, ಹಳ್ಳಕ್ಕಿಳಿದು ತಣ್ಣಗಾದಾಗ ನೀರನ್ನು ಒಳಕ್ಕೆಳೆಯುತ್ತದೆ.

ಕೆಲಸ ಮುಗಿದ ಮೇಲೆ ಎಣ್ಣೆ ಫಿಲ್ಟರ್ ಸೇರಿ ಸುಮಾರು 4.7 ಲೀಟರ್. ಇನ್ನರ್ಧ ಲೀಟರ್ ಇರಲಿ ಎಂದು ಹೆಚ್ಚು ಹೊಯ್ಯಬೇಡಿ, ಅದು ಸೀಲಿನ ಮೇಲೆಯೇ ಹೊರೆ. 20 ನಿಮಿಷ ಓಡಿಸಿ, ಪೂರ್ತಿ ತಣಿಸಿ, ಹೆಡ್ ಬೋಲ್ಟುಗಳನ್ನು ಅದೇ ಕ್ರಮದಲ್ಲಿ ಮತ್ತೆ ಟಾರ್ಕಿಗೆ ತನ್ನಿ, ಕಾರ್ಬೊರೇಟರ್ ಬಿಚ್ಚಿ ಆ ಒಂದನ್ನೂ. 300ರಿಂದ 500 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ, ಜೊತೆಗೆ ಟ್ಯಾಪೆಟ್. ಬಸಿದ ಹಳೆ ಎಣ್ಣೆಯನ್ನು ಒರಲೆ ಹತ್ತದಿರಲೆಂದು ಬೇಲಿಗೂಟಕ್ಕೆ ಬಳಿಯುವುದು, ಹಳ್ಳದಂಚಿನಲ್ಲಿ ಚೆಲ್ಲುವುದು ಬೇಡ; ಡಬ್ಬಿಯಲ್ಲಿ ತುಂಬಿ ಶಿವಮೊಗ್ಗದಲ್ಲಿ ಹಳೆ ಎಣ್ಣೆ ಕೊಳ್ಳುವವರಿಗೆ ಕೊಡಿ.

ಹಗ್ಗದ ಸೀಲು ಹಾಕಿಸಿಕೊಂಡವರು ಒಂದು ತಿಳಿದಿರಲಿ: ಅದು ಸ್ವಲ್ಪ ಒದ್ದೆಯಾಗಿದ್ದೇ ಕೆಲಸ ಮಾಡುವಂಥದ್ದು. ಮೊದಲ ಕೆಲವು ದಿನ ತುಸು ಹೆಚ್ಚೇ ಒಸರಬಹುದು. ಹೊಂದಿಕೊಂಡ ಮೇಲೂ, ಏರು ಹತ್ತಿ ಬಂದು ರಾತ್ರಿಯಿಡೀ ನಿಂತ ಗಾಡಿಯ ಕೆಳಗಿನ ರಟ್ಟಿನ ಮೇಲೆ ಒಂದೆರಡು ತೊಟ್ಟು ಕಂಡು, ಎರಡು ವಾರಕ್ಕೂ ಡಿಪ್‌ಸ್ಟಿಕ್ ಗೆರೆ ಇಳಿಯದಿದ್ದರೆ ಅದಕ್ಕಾಗಿ ಮತ್ತೆ ಚೇಂಬರ್ ಇಳಿಸಬೇಕಾಗಿಲ್ಲ.

ಇತಿ,
ಹಳೆಯ ಜೀಪುಗಳ ಮೆಕ್ಯಾನಿಕ್,
ಶಿವಮೊಗ್ಗ